ಕೊರೆಯುವ ಕೆರೆಯಲ್ಲಿ ಒಂದು ನಿಮಿಷ

ತಣ್ಣೀರು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುವ ಮನುಷ್ಯ ನಾನು. ಆದರೆ ತಣ್ಣೀರಿಗೆ ನನ್ನ ಮೇಲೆ ಅದೇನು ಪ್ರೀತಿಯೋ, ಎಲ್ಲಿದ್ದರೂ ಹುಡುಕಿಕೊಂಡು ಬರುತ್ತದೆ. ಧಾರವಾಡದಲ್ಲಿದ್ದಾಗ ನಾನು ಬಚ್ಚಲಿಗೆ ಹೋದ ದಿನವೇ ಒಲೆಯ ಕಟ್ಟಿಗೆ ಹಸಿಯಾಗಿರುತ್ತಿತ್ತು. ಬೆಂಗಳೂರಿನ ಪೀಜಿಯಲ್ಲಿ ಗೀಸರ್ ನನ್ನ ಸರದಿಗೇ ಕೈಕೊಡುತ್ತಿತ್ತು. ನೆದರ್‌ಲ್ಯಾಂಡ್ಸಿಗೆ ಬಂದ ಮೇಲಂತೂ ಒಂದು ಇಡೀ ಕೆರೆಯೇ ನನ್ನ ಬೆನ್ನು ಹತ್ತಿತು.

ನಾವಿರುವುದು ಬಾಡ್‌ಹೂವೆಡಾರ್ಪ್‌ನಲ್ಲಿ. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಊರು. ತಲೆಯ ಮೇಲೆ ವಿಮಾನ ಹೋಗುವಾಗ ಇಲ್ಲಿ ಎಲ್ಲರೂ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಮಗಳ ಶಾಲೆಯಲ್ಲಿ ಹೊರಸಂಚಾರದ ಕ್ಲಬ್ ಅಂತ ಒಂದಿದೆ. ಕಾಡು ಸುತ್ತುವುದು, ಟೆಂಟ್ ಹೊಡೆಯುವುದು, ಇವೆಲ್ಲ ಸರಿ. ಆದರೆ ಪ್ರತಿ ಜನವರಿಯಲ್ಲಿ ಒಂದು ಶನಿವಾರ ಇಡೀ ಕ್ಲಬ್ಬೇ ಊರ ಹೊರಗಿನ ಕೆರೆಗೆ ಇಳಿಯುತ್ತದೆ. ಜನವರಿಯಲ್ಲಿ! ದಂಡೆಯಲ್ಲಿ ಮಂಜುಗಡ್ಡೆ ಕಟ್ಟಿರುವಾಗ!

ಅದಕ್ಕೆ ಆರು ನಿಯಮಗಳಿವೆ. ಮುಖ್ಯವಾದವು ಎರಡು. ಮಗು ತನ್ನ ಮನೆಯ ಒಬ್ಬ ದೊಡ್ಡವರ ಕೈ ಹಿಡಿದೇ ನೀರಿಗೆ ಇಳಿಯಬೇಕು. ಇಳಿದವರು ಕುತ್ತಿಗೆಯವರೆಗೆ ಮುಳುಗಿ ಪೂರ್ತಿ ಒಂದು ನಿಮಿಷ ಇರಬೇಕು. ಹಾಗೆ ಇದ್ದ ಮಕ್ಕಳ ಹೆಸರನ್ನು ಕ್ಲಬ್ಬಿನ ಗೋಡೆಗೆ ತೂಗುಹಾಕಿರುವ ಹಳೆಯ ದೋಣಿಯ ಹುಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಮೂರು ವರ್ಷ ನನ್ನ ಮಗಳು ದಂಡೆಯ ಮೇಲೆ ನಿಂತು ಬೇರೆ ಮಕ್ಕಳ ಟವೆಲ್ ಹಿಡಿದುಕೊಂಡಿದ್ದಳು. ಕಾರಣ ನಾನು. ಇದು ನಾಲ್ಕನೇ ವರ್ಷ, ಅವಳಿಗೆ ಈ ಶಾಲೆಯಲ್ಲಿ ಕೊನೆಯದು. ಈ ಸಲ ತಪ್ಪಿದರೆ ಆ ಹುಟ್ಟಿನ ಮೇಲೆ ಅವಳ ಹೆಸರು ಬರುವುದೇ ಇಲ್ಲ.

ಹೆಂಡತಿ ಇಳಿಯಬಹುದಿತ್ತಲ್ಲ ಅನ್ನುತ್ತೀರಿ. ಅವಳು ಮೊದಲ ವರ್ಷವೇ "ನಂಗೆ ಸೈನಸ್ಸು" ಅಂದು ಕೈ ತೊಳೆದುಕೊಂಡಳು. ಅವಳಿಗೆ ಮೊದಲು ಹೊಳೆಯಿತು, ಅಷ್ಟೇ. ನನಗೆ ಹೊಳೆದಿದ್ದರೆ ಸೈನಸ್ಸು ನನಗಿರುತ್ತಿತ್ತು.

ಎಡಮಂಡಿ, ಬಲಮಂಡಿ

ಮೊದಲ ವರ್ಷ ನಾನು ಕೊಟ್ಟ ಕಾರಣ ಮಂಡಿನೋವು. ಕ್ಲಬ್ ನಡೆಸುವ ಮಾಸ್ತರರು ಅರವತ್ತರ ಹತ್ತಿರದವರು, ಹಿಮ ಬೀಳುತ್ತಿದ್ದರೂ ಚಡ್ಡಿಯಲ್ಲೇ ಓಡಾಡುವ ಆಸಾಮಿ. ಪಾಪ, ನನ್ನ ಮಾತನ್ನು ಹಾಗೇ ನಂಬಿದರು. ಈ ಡಚ್ಚರ ಜೊತೆ ಇದೇ ತಾಪತ್ರಯ. ನಮ್ಮಲ್ಲಾದರೆ ಮಂಡಿನೋವು ಅಂದ ತಕ್ಷಣ ಎದುರಿನವರು ‘ಓಹೋ’ ಅಂದು ಒಳಗೊಳಗೇ ಅರ್ಥ ಮಾಡಿಕೊಳ್ಳುತ್ತಾರೆ. ಇವರು ನಿಜವಾಗಿಯೂ ಮಂಡಿಯ ಬಗ್ಗೆ ಯೋಚನೆ ಮಾಡುತ್ತಾರೆ.

ಎರಡನೇ ವರ್ಷ ಗೇಟಿನ ಹತ್ತಿರ ಸಿಕ್ಕರು. ದೂರದಿಂದಲೇ ಅವರನ್ನು ನೋಡಿ ನಾನು ಕುಂಟಲು ಶುರುಮಾಡಿದ್ದೆ.

"ಹೋದ ವರ್ಷ ಎಡಮಂಡಿ ಅಂದಿದ್ರಿ. ಈಗ ಬಲಗಾಲು ಕುಂಟ್ತಿದೆ?"

"ಅಲ್ಲಿಂದ ಇಲ್ಲಿಗೆ ಬಂತು ಸರ್."

ಅವರು ಬಹಳ ಹೊತ್ತು ನನ್ನ ಎರಡೂ ಕಾಲು ನೋಡಿದರು.

ಮೂರನೇ ವರ್ಷ ಕಾಲು ಬಿಟ್ಟು ಆಫೀಸನ್ನು ಹಿಡಿದೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. "ಶನಿವಾರ ಅರ್ಜೆಂಟ್ ಕೆಲಸ ಇದೆ, ಮ್ಯಾನೇಜರ್ ಬಿಡ್ತಿಲ್ಲ" ಅಂದೆ. ಮಾಸ್ತರರ ಮುಖ ಕೆಂಪಾಯಿತು. "ರಜಾದಿನ ಕೆಲಸ ಮಾಡಿಸ್ತಾರಾ? ಮಗಳ ಕಾರ್ಯಕ್ರಮ ಇದ್ದಾಗ? ಇದು ಸರಿಯಲ್ಲ. ಅವರ ನಂಬರ್ ಕೊಡಿ, ನಾನೇ ಮಾತಾಡ್ತೀನಿ" ಅಂತ ಜೇಬಿನಿಂದ ಫೋನ್ ತೆಗೆದೇಬಿಟ್ಟರು.

ಆಮೇಲೆ ಒಂದು ತಿಂಗಳು ನಾನು ಮಗಳನ್ನು ಶಾಲೆಯ ಹಿಂದಿನ ಗೇಟಿನಲ್ಲಿ ಬಿಟ್ಟುಬರುತ್ತಿದ್ದೆ.

ನೋಡೋಣ

ನಾಲ್ಕನೇ ವರ್ಷ ಮಾಸ್ತರರು ಹಿಂದಿನ ಗೇಟಿನಲ್ಲೇ ನಿಂತಿದ್ದರು. ಕೈಯಲ್ಲಿ ಹೆಸರಿನ ಪಟ್ಟಿ, ಪೆನ್ನು. ಪಕ್ಕದಲ್ಲಿ ನನ್ನ ಮಗಳು.

"ಈ ವರ್ಷ ನೀರಿಗೆ ಇಳೀತೀರಾ?"

ನಾನು ನಮ್ಮ ಕಡೆಯ ಮರ್ಯಾದೆಯ ಪ್ರಕಾರ "ನೋಡೋಣ" ಅಂದೆ. ಡಚ್ಚಿನಲ್ಲೇ ಅಂದೆ, ಆದರೆ ಅಂದದ್ದು ನಮ್ಮ ನೋಡೋಣವನ್ನೇ. ನಮ್ಮಲ್ಲಿ ಮದುವೆಗೆ ಕರೆದಾಗ, ಚೀಟಿಗೆ ಸೇರಿ ಅಂದಾಗ, ಊಟಕ್ಕೆ ಬನ್ನಿ ಅಂದಾಗ ನೋಡೋಣ ಅಂದರೆ ಕರೆದವರು ಎಲೆ ಒಂದು ಕಡಿಮೆ ಹಾಕುತ್ತಾರೆ. ಯಾರ ಮನಸ್ಸಿಗೂ ನೋವಿಲ್ಲ. ಇಲ್ಲಿ ಮಾಸ್ತರರು ಪೆನ್ನು ಹಿಡಿದುಕೊಂಡೇ ಕೇಳಿದರು:

"ಏನನ್ನ ನೋಡಬೇಕು?"

"ಅಂದ್ರೆ... ಅವತ್ತಿನ ದಿನ ಹೇಗಿರುತ್ತೋ..."

"ಅವತ್ತು ಬೇರೆ ಕೆಲಸ ಇದೆಯಾ?"

"ಇಲ್ಲ."

"ಮಂಡಿ? ಎಡ, ಬಲ, ಎರಡೂ?"

"ಈಗ ಪರವಾಗಿಲ್ಲ."

"ತಣ್ಣೀರಿಗೆ ಹೆದರಿಕೆಯಾ?"

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಛೇ ಛೇ, ಅದೆಲ್ಲ ಏನಿಲ್ಲ" ಅಂದುಬಿಟ್ಟೆ.

"ಹಾಗಾದ್ರೆ ಹೌದು" ಅಂತ ಮಾಸ್ತರರು ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ಮಗಳು ಅಲ್ಲೇ ಒಂದು ಸುತ್ತು ಕುಣಿದಳು.

ಸಂಜೆ ನನ್ನ ಮೈಸೂರಿನ ಗೆಳೆಯನಿಗೆ ಫೋನ್ ಮಾಡಿ ಗೋಳಾಡಿಕೊಂಡೆ. ಅವನು ಇದೇ ದೇಶದ ನೈಮೆಗನ್‌ನಲ್ಲಿ ಹತ್ತು ವರ್ಷದಿಂದ ಇದ್ದಾನೆ, ಇವರನ್ನೆಲ್ಲ ಅರೆದು ಕುಡಿದಿದ್ದಾನೆ.

"ಇವರ ಹತ್ರ ನೋಡೋಣ ಗೀಡೋಣ ನಡೆಯಲ್ಲ ಕಣೋ. ಇಲ್ಲ ಅಂದ್ರೆ ಇಲ್ಲ ಅಂತ ನೇರವಾಗಿ ಹೇಳ್ಬೇಕು. ಇಷ್ಟು ವರ್ಷ ಆದ್ರೂ ಕಲೀಲಿಲ್ವಲ್ಲ ನೀನು."

"ಹೋಗ್ಲಿ ಬಿಡು. ಅವತ್ತು ನೀನಾದ್ರೂ ಬಾರೋ, ನಂಗೆ ಧೈರ್ಯ ಇರುತ್ತೆ. ಬರ್ತೀಯಾ?"

"ನೋಡೋಣ" ಅಂದ.

ಬಚ್ಚಲಿನ ತಾಲೀಮು

ಮಗಳು ನನಗೆ ತರಬೇತಿ ಶುರುಮಾಡಿದಳು. ದಿನಾ ಬೆಳಿಗ್ಗೆ ತಣ್ಣೀರಿನ ಶವರ್. ಮೊದಲ ದಿನ ಹತ್ತು ಸೆಕೆಂಡು, ದಿನಕ್ಕೆ ಐದರಂತೆ ಹೆಚ್ಚು. ಫ್ರಿಜ್ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿ, ಬಚ್ಚಲಿನ ಹೊರಗೆ ಫೋನಿನಲ್ಲಿ ಟೈಮರ್ ಹಿಡಿದು ನಿಲ್ಲುತ್ತಿದ್ದಳು.

ನಾನು ಒಳಗೆ ಹೋಗಿ ಚಿಲಕ ಹಾಕಿ ಬಿಸಿನೀರು ತಿರುಗಿಸುತ್ತಿದ್ದೆ. ಹೊಗೆಯಾಡುವ ಬಿಸಿನೀರು. ಅದರ ಕೆಳಗೆ ಆರಾಮಾಗಿ ನಿಂತು "ಅಯ್ಯಯ್ಯಪ್ಪಾ! ಸತ್ತೆ! ಕೊರೀತಾ ಇದೆ!" ಅಂತ ಕಿರುಚುತ್ತಿದ್ದೆ. ಹೊರಗಿನಿಂದ ಮಗಳು "ಗೋ ಪಪ್ಪಾ! ಯು ಕ್ಯಾನ್ ಡೂ ಇಟ್!" ಅನ್ನುತ್ತಿದ್ದಳು. ನಟನೆ ಎಷ್ಟು ಚೆನ್ನಾಗಿತ್ತೆಂದರೆ ಒಂದು ದಿನ ನನಗೇ ಸ್ವಲ್ಪ ಚಳಿಯಾಯಿತು. ಎರಡು ವಾರದಲ್ಲಿ ಎಪ್ಪತ್ತೈದು ಸೆಕೆಂಡು ತಲುಪಿದೆ. ಪಟ್ಟಿಯ ತುಂಬ ನಕ್ಷತ್ರ.

ಹದಿನೈದನೇ ದಿನ ನಾನು ಹೊರಗೆ ಬಂದ ಕೂಡಲೇ ಅವಳು ಹಲ್ಲುಜ್ಜಲು ಒಳಗೆ ಹೋದಳು. ಕನ್ನಡಿಯ ತುಂಬ ಹಬೆ ಕೂತಿತ್ತು. ಅವಳು ಕನ್ನಡಿಯ ಮೇಲೆ ಬೆರಳಿನಿಂದ ದೊಡ್ಡದೊಂದು ಸೊನ್ನೆ ಬರೆದಳು. ಆಮೇಲೆ ಹೋಗಿ ಪಟ್ಟಿಯಲ್ಲಿದ್ದ ನಕ್ಷತ್ರಗಳನ್ನೆಲ್ಲ ಹೊಡೆದುಹಾಕಿದಳು.

"ಪಪ್ಪಾ, ಆಗಲ್ಲ ಅಂದ್ರೆ ಆಗಲ್ಲ ಅನ್ನು. ಇಟ್ಸ್ ಓಕೆ. ಮೋಸ ಬೇಡ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಅಷ್ಟು ಮೆತ್ತಗೆ ಹೇಳಿದ್ದು ನನಗೆ ಎದೆಗೆ ಚುಚ್ಚಿತು. ಆಫೀಸಿನಲ್ಲಿ ಅವತ್ತು ಒಂದು ತಪ್ಪೂ ನನ್ನ ಕಣ್ಣಿಗೆ ಬೀಳಲಿಲ್ಲ, ಮನಸ್ಸೆಲ್ಲ ಆ ಸೊನ್ನೆಯ ಮೇಲಿತ್ತು.

ಮಾರನೇ ಬೆಳಿಗ್ಗೆ ನಿಜವಾದ ತಣ್ಣೀರು ತಿರುಗಿಸಿದೆ. ನಾಲ್ಕು ಸೆಕೆಂಡು ನಿಂತೆ. ಮಗಳು ಪಟ್ಟಿಯಲ್ಲಿ ನಾಲ್ಕು ಅಂತ ಬರೆದು ಒಂದು ನಕ್ಷತ್ರ ಹಾಕಿದಳು. ಎರಡು ವಾರ ಸುಳ್ಳು ಸುಳ್ಳೇ ಕಿರುಚಿದಾಗ ತಿರುಗಿ ನೋಡದ ಪಕ್ಕದ ಮನೆಯ ಅಜ್ಜಿ ಅವತ್ತು ಚಪ್ಪಲಿಯನ್ನೂ ಹಾಕದೆ ಓಡಿ ಬಂದು ಬೆಲ್ ಒತ್ತಿದರು.

ಅವ್ವನ ಉಪಾಯ

ಆ ಚಳಿಗಾಲದಲ್ಲಿ ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದಳು. ಕೆರೆಯ ವಿಷಯ ಕೇಳಿ ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಯಾಕೋ ತಮ್ಮಾ, ಮನ್ಯಾಗ ನೀರು ಬರೂದಿಲ್ಲೇನು?"

"ಬರ್ತದವ್ವಾ. ಇದು ಸಾಲಿ ಕಾರ್ಯಕ್ರಮ."

"ಸಾಲ್ಯಾಗ ಇದನ್ನ ಕಲಸ್ತಾರ? ಮಗ್ಗಿ ಕಲಸೂದು ಬಿಟ್ಟು?"

ಆದರೆ ಮೊಮ್ಮಗಳ ಹೆಸರು ಬರೆಯುತ್ತಾರೆ ಅಂದ ಕೂಡಲೇ ಅವ್ವ ಸೆರಗು ಸಿಕ್ಕಿಸಿ ಎದ್ದು ನಿಂತಳು. ಹೆಸರು ಅಂದರೆ ಅವಳಿಗೆ ಬಿಡುವ ಮಾತೇ ಇಲ್ಲ. ಅವತ್ತಿನಿಂದ ಉಸ್ತುವಾರಿ ಅವಳದು.

ಆ ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ವಾಸನೆ ಬಂತು. ನೋಡಿದರೆ ಅವ್ವ ಕೊಬ್ಬರಿ ಎಣ್ಣೆ, ಔಡಲ ಎಣ್ಣೆ ಎರಡನ್ನೂ ಕೂಡಿಸಿ ಬಿಸಿ ಮಾಡುತ್ತಿದ್ದಾಳೆ. ಊರಿನಿಂದ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದ ಬಾಟಲಿಗಳು.

"ಅಂಗಿ ತಗಿ. ಎಣ್ಣಿ ಹಚ್ಚಿದ್ರ ಥಂಡಿ ಒಳಗ ಹೋಗೂದಿಲ್ಲ. ನಿನ್ನ ಹಡದಾಗಿಂದ ಹಚ್ಚೇನಿ, ಈಗೇನು ನಾಚಿಕಿ?"

ನಾನು ಕ್ಲಬ್ಬಿನವರು ಕಳಿಸಿದ್ದ ನಿಯಮಗಳ ಹಾಳೆಯನ್ನು ಮೂರು ಸಲ ಓದಿದೆ. ತಪ್ಪು ಹುಡುಕುವುದೇ ನನ್ನ ಕಸುಬಲ್ಲವೇ? ಆರು ನಿಯಮಗಳಲ್ಲಿ ಎಲ್ಲೂ ಎಣ್ಣೆಯ ಮಾತಿರಲಿಲ್ಲ. ಮಗಳು ಬಾಟಲಿ ನೋಡಿದವಳೇ ಕೋಣೆಗೆ ಓಡಿ ಚಿಲಕ ಹಾಕಿಕೊಂಡಳು. ಹಾಗಾಗಿ ಇಬ್ಬರ ಪಾಲಿನ ಎಣ್ಣೆಯೂ ನನ್ನೊಬ್ಬನ ಮೈಗೆ ಇಳಿಯಿತು. ಬೆನ್ನು, ಎದೆ, ಕಿವಿಯ ಹಿಂದೆ, ಕಾಲಿನ ಬೆರಳ ಸಂದಿ, ಅವ್ವ ಒಂದು ಜಾಗ ಬಿಡಲಿಲ್ಲ. ಸ್ವೆಟರ್ ಮೈಗೆ ಅಂಟಿಕೊಂಡಿತು. ಮಗಳ ಜೊತೆ ಸೈಕಲ್ಲಿನಲ್ಲಿ ಹೊರಟರೆ ಸೀಟಿನ ಮೇಲೆ ಕೂರಲಾಗದೆ ದಾರಿಯುದ್ದಕ್ಕೂ ಮುಂದಕ್ಕೆ ಜಾರುತ್ತಿದ್ದೆ.

ಹೆಂಡತಿ ಅವ್ವನನ್ನು ಕಾರಿನಲ್ಲಿ ಕರೆದುಕೊಂಡು ಬಂದಳು. ಬೇರೆ ಮನೆಯವರು ತಲೆಗೊಂದು ಟವೆಲ್ ತಂದಿದ್ದರು. ನಮ್ಮ ಕಾರಿನಿಂದ ಎಂಟು ಟವೆಲ್, ಎರಡು ಕಂಬಳಿ, ಮಂಕಿ ಕ್ಯಾಪ್, ಕಷಾಯದ ಫ್ಲಾಸ್ಕು, ಒಗ್ಗರಣೆ ಅವಲಕ್ಕಿಯ ದೊಡ್ಡ ಡಬ್ಬಿ, ಮಡಚುವ ಕುರ್ಚಿ ಒಂದೊಂದಾಗಿ ಇಳಿದವು. ಮಾಸ್ತರರು ಅದನ್ನೆಲ್ಲ ಇಳಿಸಲು ಕೈಹಾಕಿ, ಬಹಳ ಗೌರವದಿಂದ ಕೇಳಿದರು:

"ನೀವು ಇಲ್ಲಿ ಎಷ್ಟು ದಿನ ಇರ್ತೀರಿ?"

ಅರವತ್ತು

ಬಿಸಿಲಿತ್ತು. ಬಿಸಿಲು ಅಂದರೆ ನೋಡಲಿಕ್ಕೆ ಮಾತ್ರ, ಮೈಗೆ ತಾಗುವಂಥದ್ದಲ್ಲ. ದಂಡೆಯ ತೆಳ್ಳನೆಯ ಮಂಜುಗಡ್ಡೆಯನ್ನು ಮಾಸ್ತರರು ಕೋಲಿನಿಂದ ಒಡೆದು ದಾರಿ ಮಾಡಿದ್ದರು. ಹನ್ನೆರಡು ಮಕ್ಕಳು, ಹನ್ನೆರಡು ಜನ ದೊಡ್ಡವರು. ನಾನು ಸ್ವೆಟರ್ ತೆಗೆದೆ. ಮಗಳು ಮೂಗು ಮುಚ್ಚಿಕೊಂಡಳು.

"ಪಪ್ಪಾ, ಯು ಸ್ಮೆಲ್ ಲೈಕ್ ಚಟ್ನಿ."

ಕೈ ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕೊನೆಗೆ ನನ್ನ ಹೆಬ್ಬೆರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಮಾಸ್ತರರು ಸೀಟಿ ಊದಿದರು, ಎಲ್ಲರೂ ಇಳಿದೆವು.

ಮೊಣಕಾಲಿಗೆ ನೀರು ಬಂದಾಗ ನಾನು ಈ ದೇಶಕ್ಕೆ ಯಾಕೆ ಬಂದೆ ಅನ್ನಿಸಿತು. ಸೊಂಟಕ್ಕೆ ಬಂದಾಗ ಈ ಭೂಮಿಗೇ ಯಾಕೆ ಬಂದೆ ಅನ್ನಿಸಿತು. ಕುತ್ತಿಗೆಯವರೆಗೆ ಮುಳುಗಿದಾಗ ಏನೂ ಅನ್ನಿಸಲಿಲ್ಲ, ಒಳಗೆ ಹೋದ ಉಸಿರು ಹೊರಗೇ ಬರಲಿಲ್ಲ. ಎಣ್ಣೆಯಿಂದ ಥಂಡಿ ಒಳಗೆ ಹೋಗುವುದಿಲ್ಲ ಅಂದಿದ್ದಳು ಅವ್ವ. ಹೋಯಿತು. ಎಣ್ಣೆಯ ಸಮೇತ ಹೋಯಿತು. ನಾನು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಮಗಳೂ ಕಣ್ಣು ಮುಚ್ಚಿಕೊಂಡು, ದಂಡೆಯ ಮೇಲಿನ ಅಜ್ಜಿಗೆ ಕೇಳಲಿ ಅಂತ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸತೊಡಗಿದಳು. "ಒಂದು... ಎರಡು... ಮೂರು..."

ಇಪ್ಪತ್ತೆಂಟು ಆದಾಗ ನನಗೆ ತಡೆಯಲಾಗಲಿಲ್ಲ.

"ಮಗಳೇ, ಸೀದಾ ಅರವತ್ತಕ್ಕೆ ಹಾರೇ, ನಿನ್ನ ಕಾಲಿಗೆ ಬೀಳ್ತೀನಿ."

"ಮೋಸ ಬೇಡ ಪಪ್ಪಾ. ಇಪ್ಪತ್ತೊಂಬತ್ತು... ಮೂವತ್ತು..."

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಒಂದರ ಹಿಂದೆ ಇನ್ನೊಂದು. ಭೋರ್ ಅನ್ನುವ ಸದ್ದಿನಲ್ಲಿ ಜಗತ್ತೇ ಮುಚ್ಚಿಹೋಯಿತು. ಮಗಳು ನನ್ನ ಕಿವಿಗೆ ಬಾಯಿಟ್ಟು ಎಣಿಸುತ್ತಲೇ ಇದ್ದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು! ನಾನು ಕಣ್ಣು ಮುಚ್ಚಿಕೊಂಡೇ ಎದ್ದೆ. ಅವಳು ಹೆಬ್ಬೆರಳು ಬಿಡಲಿಲ್ಲ.

"ಪಪ್ಪಾ, ನಾನು ಸ್ವಲ್ಪ ಫಾಸ್ಟಾಗಿ ಎಣಿಸಿದೆ ಅನ್ಸುತ್ತೆ. ಇನ್ನೂ ಇಪ್ಪತ್ತು ಎಣಿಸೋಣ."

ಇಂಥ ಮಗಳು ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ! ಮತ್ತೆ ಮುಳುಗಿದೆ.

ಆ ಇಪ್ಪತ್ತೂ ಮುಗಿದ ಮೇಲೆ ಕಣ್ಣು ಬಿಟ್ಟರೆ ಕೆರೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಎಲ್ಲರೂ ದಂಡೆಯಲ್ಲಿ ಟವೆಲ್ ಸುತ್ತಿಕೊಂಡು ನಮ್ಮಿಬ್ಬರನ್ನೇ ನೋಡುತ್ತಿದ್ದಾರೆ. ಮಾಸ್ತರರು ಎರಡೂ ಕೈ ಬೀಸುತ್ತ, ಕೆನ್ನೆ ಉಬ್ಬಿಸಿ ಸೀಟಿ ಊದುತ್ತಿದ್ದಾರೆ. ನಮ್ಮ ಸುತ್ತ ನೀರಿನಲ್ಲಿ ಒಂದು ಅಲೆಯಿಲ್ಲ, ಎಣ್ಣೆಯ ಪದರ ಬಿಸಿಲಿಗೆ ಬಣ್ಣಬಣ್ಣವಾಗಿ ಹರಡಿಕೊಂಡಿತ್ತು. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಿಳೀ ಬಿಳೀ ಚೂರಾಗಿ ನನ್ನ ಎದೆಯಿಂದ ಬಿಟ್ಟುಕೊಂಡು ತೇಲುತ್ತಿತ್ತು.

ವಿಮಾನದ ಸದ್ದು ನಿಂತಾಗ ಮಾಸ್ತರರ ಕೂಗು ಕೇಳಿಸಿತು.

"ಹೊರಗೆ ಬನ್ನಿ! ವಿಮಾನದಿಂದ ಇಂಧನ ಸೋರಿದೆ!"

ಓಡಿ ದಂಡೆ ಸೇರಿದೆವು. ಅಲ್ಲಿ ಗದ್ದಲವೋ ಗದ್ದಲ. ಒಬ್ಬ ತಾಯಿ ಆಕಾಶದ ಫೋಟೋ ತೆಗೆಯುತ್ತಿದ್ದರು. ಒಬ್ಬ ಎತ್ತರದ ತಂದೆ ಟವೆಲ್ಲಿನಲ್ಲೇ ನಿಂತು ಜಲಮಂಡಳಿಗೆ ಫೋನ್ ಹಚ್ಚಿ ಕೆರೆಯ ವಿಳಾಸ ಹೇಳುತ್ತಿದ್ದರು. ಅಷ್ಟರಲ್ಲಿ ಒಂದು ಬಾತುಕೋಳಿ ಈಜಿಕೊಂಡು ಬಂದು ಒಂದು ಬಿಳೀ ಚೂರು ನುಂಗಿತು, ಇನ್ನೊಂದಕ್ಕೆ ಕತ್ತು ಚಾಚಿತು. ಮಾಸ್ತರರಿಗೆ ಅನುಮಾನ ಬಂತು. ಬಗ್ಗಿ ಒಂದು ಚೂರು ಎತ್ತಿ ಮೂಸಿದರು.

"ಇದು... ಕೊಬ್ಬರಿ ಬಿಸ್ಕತ್ತಿನ ವಾಸನೆ!"

ಅವರೇನು ಅಂದರೆಂದು ಹೆಂಡತಿ ಅವ್ವನಿಗೆ ತಿಳಿಸಿ ಹೇಳಿದಳು. ಅವ್ವ ಕುರ್ಚಿಯಿಂದ ಎದ್ದಳು. "ವಿಮಾನದ್ದಲ್ಲೋ ಯಪ್ಪಾ, ಅದು ನನ್ನ ಮಗನ ಮೈಮ್ಯಾಲಿಂದು!" ಅಂತ ಇಡೀ ಕೆರೆಗೆ ಕೇಳುವಂತೆ ಕೂಗಿದಳು. ಧಾರವಾಡ ಕನ್ನಡ, ಯಾರಿಗೆ ತಿಳಿಯಬೇಕು? ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಆದರೆ ಮಗಳಿಗೆ ತಿಳಿಯಿತು. ನಾನು ಅವಳ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಿದಳು. ತುಟಿ ನೀಲಿಯಾಗಿ ನಡುಗುತ್ತಿತ್ತು. ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಅವಳ ಒಂದು ನಿಮಿಷವೂ ಲೆಕ್ಕಕ್ಕೆ ಬಾರದೆ ಹೋಗಬಹುದು. ನಾಲ್ಕು ವರ್ಷ ಕಾದದ್ದು ನೀರುಪಾಲು. ಸುಮ್ಮನಿರು ಅಂತ ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವಳು ಮೂಗು ಒರೆಸಿಕೊಂಡು ಮಾಸ್ತರರ ಮುಂದೆ ಹೋಗಿ ಸ್ಪಷ್ಟವಾದ ಡಚ್ಚಿನಲ್ಲಿ ಎಲ್ಲವನ್ನೂ ಹೇಳಿದಳು.

ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿದವು. ಫೋನ್ ಹಿಡಿದಿದ್ದ ತಂದೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಜಲಮಂಡಳಿಗೆ ಹೇಳಿದರು: "ಬರಬೇಡಿ. ವಿಮಾನ ಅಲ್ಲ. ಒಬ್ಬ ಅಪ್ಪ."

ಮಾಸ್ತರರು ತಮ್ಮ ಗಡಿಯಾರ ನೋಡಿಕೊಂಡರು. ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು, ನಾನೂ ನಿಂತಿದ್ದೆ.

"ನಾನು ವಾಪಸ್ ಬನ್ನಿ ಅಂತ ಸೀಟಿ ಊದಿದ್ದು ನಲವತ್ತೊಂದನೇ ಸೆಕೆಂಡಿಗೆ. ಆಗ ಎಲ್ಲರೂ ಹೊರಗೆ ಬಂದರು. ನೀವಿಬ್ಬರು ಬಂದದ್ದು ಒಂದೂವರೆ ನಿಮಿಷಕ್ಕೆ. ನಿಯಮದಲ್ಲಿ ಎಣ್ಣೆಯ ಮಾತಿಲ್ಲ, ಒಂದು ನಿಮಿಷದ ಮಾತಿದೆ. ಆದ್ದರಿಂದ ಈ ವರ್ಷ ಇಲ್ಲಿಯವರೆಗೆ ಹುಟ್ಟಿನ ಮೇಲೆ ಬರೆಯೋದು ಒಂದೇ ಹೆಸರು."

ಮಗಳು ಕಿರುಚಿಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು, ಜಾರಿ ಕೆಳಗೆ ಬಿದ್ದಳು, ಎದ್ದು ಮತ್ತೆ ಅಪ್ಪಿಕೊಂಡಳು. ನನ್ನ ಕಣ್ಣು ತುಂಬಿತು. ಕಷಾಯದ ಮೆಣಸು ಖಾರ ಅಂದೆ. ಕಷಾಯ ಇನ್ನೂ ಕುಡಿದಿರಲಿಲ್ಲ.

ಉಳಿದ ಹನ್ನೊಂದು ಮಕ್ಕಳು ಸುಮ್ಮನಿರುತ್ತಾರೆಯೇ? ನಮ್ಮ ಹೆಸರೂ ಬರಬೇಕು ಅಂತ ಹಟ ಹಿಡಿದರು. ಮಾಸ್ತರರು ಎಲ್ಲರಿಗೂ ಮೈ ಕಾಯಿಸಿಕೊಳ್ಳಲು ಸಮಯ ಕೊಟ್ಟು, ಆಚೆ ದಂಡೆಯ ಶುದ್ಧ ನೀರಿನಲ್ಲಿ ಮೊದಲಿನಿಂದ ಇನ್ನೊಮ್ಮೆ ಅಂದರು. ನಾನು ಎರಡು ಕಂಬಳಿ ಹೊದ್ದು, ಮಂಕಿ ಕ್ಯಾಪ್ ಹಾಕಿ, ಅವ್ವ ಕೊಟ್ಟ ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಹನ್ನೊಂದು ಜನ ದೊಡ್ಡವರು ನನ್ನ ಮುಂದೆಯೇ ಸಾಲಾಗಿ ಎರಡನೇ ಸಲ ನೀರಿಗೆ ಹೋದರು. ಹೋಗುವಾಗ ಒಬ್ಬೊಬ್ಬರೂ ನನ್ನ ಕಡೆ ನೋಡಿದ ನೋಟಕ್ಕಿಂತ ಕೆರೆಯೇ ಬೆಚ್ಚಗಿತ್ತು ಅನ್ನಿಸಿತು.

ಏಳನೆಯದು

ಮುಂದಿನ ಜನವರಿಗೆ ಮಗಳು ಬೇರೆ ಶಾಲೆ ಸೇರಿದ್ದಳು. ಆದರೂ ನೋಡಲಿಕ್ಕೆ ಹೋಗೋಣ ಅಂದಳು, ಹೋದೆವು. ಹುಟ್ಟಿನ ಮೇಲೆ ಅವಳ ಹೆಸರು ಹಾಗೇ ಇತ್ತು, ಮುಟ್ಟಿ ನೋಡಿಕೊಂಡಳು. ಹೊರಗೆ ಮಾಸ್ತರರು ಹೊಸ ಪೋಷಕರಿಗೆ ನಿಯಮ ಓದುತ್ತಿದ್ದರು. ಈಗ ಆರಲ್ಲ, ಏಳು. ಏಳನೆಯದು: ಮೈಗೆ ಯಾವುದೇ ಬಗೆಯ ಎಣ್ಣೆ ಹಚ್ಚಿಕೊಂಡು ನೀರಿಗೆ ಇಳಿಯುವಂತಿಲ್ಲ.

ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬ ತಂದೆ ದಪ್ಪ ಜರ್ಕಿನ್ ಹಾಕಿ ನಿಂತಿದ್ದರು, ಆವತ್ತು ಮಗನ ಜೊತೆ ಇಳಿಯುವವರು. ಅವರು ಮಾತ್ರ ನಗಲಿಲ್ಲ. ಮೆಲ್ಲಗೆ ನನ್ನ ಕಡೆ ಬಾಗಿ ಕೇಳಿದರು:

"ಇದೇನ್ ಸಾರ್ ಇಂಥಾ ರೂಲು? ಯಾರ್ ಸಾರ್ ಎಣ್ಣೆ ಹಚ್ಕೊಂಡು ಇಳಿದ ಪುಣ್ಯಾತ್ಮ?"

"ಯಾರೋಪ್ಪ, ಗೊತ್ತಿಲ್ಲ" ಅಂದೆ.

"ಪಪ್ಪಾ" ಅಂದಳು ಮಗಳು ಹಿಂದಿನಿಂದ. "ಮೋಸ ಬೇಡ."

"ನಾನೇ ಸಾರ್" ಅಂತ ಒಪ್ಪಿಕೊಂಡೆ. ಹೋದ ವರ್ಷ ನಡೆದದ್ದನ್ನೆಲ್ಲ ಹೇಳಿ, ಅವರೂ ನಗಲಿ ಅಂತ ಕಾದೆ. ಅವರು ನಗಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಜರ್ಕಿನ್ನಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ಆಗ ನನ್ನ ಮೂಗಿಗೆ ಬಡಿಯಿತು, ಘಮ್ಮೆನ್ನುವ ಕೊಬ್ಬರಿ ಎಣ್ಣೆಯ ವಾಸನೆ.